ಕೈರೋದ ಬೆನ್ ಎಜ್ರಾ ಸಿನಗಾಗ್: ನೋಡಲು ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈಜಿಪ್ಟ್ ಪ್ರವಾಸಕ್ಕೆ ಹೊರಡುವ ಕನ್ನಡಿಗರಲ್ಲಿ ಹೆಚ್ಚಿನವರು ಪಿರಮಿಡ್ಡುಗಳನ್ನೂ ನೈಲ್ ನದಿಯನ್ನೂ ಲಕ್ಸರಿನ ದೇಗುಲಗಳನ್ನೂ ನೋಡಿ ಮರಳುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ, ಪ್ರವಾಸ ಸಂಸ್ಥೆಗಳ ಪಟ್ಟಿಯಲ್ಲಿ ಅರ್ಧ ಗಂಟೆಯ ನಿಲುಗಡೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ನಮ್ಮ ಕರಾವಳಿಯ ಚರಿತ್ರೆಯ ಒಂದು ಅಪರೂಪದ ಅಧ್ಯಾಯ ಇದೇ ಮಂದಿರದ ಮಾಳಿಗೆಯಲ್ಲಿ ದೊರೆತಿರುವುದರಿಂದ, ಅಲ್ಲಿಗೆ ಹೋಗುವ ಮುನ್ನ ತಿಳಿದುಕೊಂಡಿರಬೇಕಾದ ಸಂಗತಿಗಳನ್ನು ಪ್ರಶ್ನೋತ್ತರ ರೂಪದಲ್ಲಿ ಇಲ್ಲಿ ಕೊಡಲಾಗಿದೆ.

ಈ ಸಿನಗಾಗ್ ಇರುವುದು ಎಲ್ಲಿ?

ಇಂದಿನ ಕೈರೋ ನಗರದ ದಕ್ಷಿಣ ಭಾಗದಲ್ಲಿ, ಹಳೆಯ ಕೈರೋ ಎಂದು ಕರೆಯುವ ಪ್ರದೇಶದಲ್ಲಿ, ಬ್ಯಾಬಿಲೋನ್ ಎಂಬ ಹೆಸರಿನ ರೋಮನ್ ಕೋಟೆಯ ಗೋಡೆಗಳ ಒಳಗೆ ಇದು ಇದೆ. ಈ ಬ್ಯಾಬಿಲೋನಿಗೂ ಇರಾಕಿನ ಪ್ರಾಚೀನ ನಗರಕ್ಕೂ ಗೊಂದಲ ಮಾಡಿಕೊಳ್ಳಬಾರದು. ಏಳನೆಯ ಶತಮಾನದಲ್ಲಿ ಅರಬರು ಈಜಿಪ್ಟನ್ನು ಗೆದ್ದಾಗ ಈ ಕೋಟೆಯ ಪಕ್ಕದಲ್ಲಿಯೇ ಫುಸ್ಟಾಟ್ ಎಂಬ ರಾಜಧಾನಿಯನ್ನು ಕಟ್ಟಿದರು. ಕೈರೋ ನಗರ ಹುಟ್ಟಿದ್ದು ಅದಾದ ಮೂರು ಶತಮಾನಗಳ ಮೇಲೆ, ಉತ್ತರಕ್ಕೆ ಸ್ವಲ್ಪ ದೂರದಲ್ಲಿ. ಮಧ್ಯಯುಗದ ದಾಖಲೆಗಳಲ್ಲಿ ಈ ಸಿನಗಾಗ್ ಫುಸ್ಟಾಟಿನದೇ ಹೊರತು ಕೈರೋದ್ದಲ್ಲ.

ಈಗ ನಾವು ನೋಡುವುದು ನಿಜವಾಗಿಯೂ ಮಧ್ಯಯುಗದ ಕಟ್ಟಡವೇ?

ಅಲ್ಲ. ಇದನ್ನು ಮೊದಲೇ ತಿಳಿದಿದ್ದರೆ ನಿರಾಸೆ ತಪ್ಪುತ್ತದೆ. ಸಂಸ್ಥೆ ಮಧ್ಯಯುಗದ್ದು, ನೆಲ ಮಧ್ಯಯುಗದ್ದು, ಆದರೆ ಕಣ್ಣೆದುರಿನ ಗೋಡೆಗಳು 1890ರ ಸುಮಾರಿನವು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅಂದು ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ಮನೆತನದ ಖಲೀಫ ಅಲ್-ಹಾಕಿಮನು ಚರ್ಚುಗಳನ್ನೂ ಸಿನಗಾಗ್‌ಗಳನ್ನೂ ಕೆಡವಿಸಿದಾಗ ಇಲ್ಲಿದ್ದ ಹಳೆಯ ಮಂದಿರವೂ ನೆಲಸಮವಾಯಿತು. ಅವನ ನಂತರದ ಕಾಲದಲ್ಲಿ ಅನುಮತಿ ದೊರೆತು, ಸರಿಸುಮಾರು 1025ರಿಂದ 1040ರ ಅವಧಿಯಲ್ಲಿ ಹೊಸ ಕಟ್ಟಡ ಎದ್ದಿತು. ಆ ಕಟ್ಟಡ ಹಲವು ದುರಸ್ತಿಗಳೊಂದಿಗೆ ಎಂಟು ಶತಮಾನಗಳಿಗೂ ಹೆಚ್ಚು ಕಾಲ ನಿಂತು, ತೀರ ಶಿಥಿಲವಾದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಡವಲ್ಪಟ್ಟಿತು. ಅದೇ ಜಾಗದಲ್ಲಿ, ಹಳೆಯದರ ವಿನ್ಯಾಸವನ್ನೇ ಬಹುಮಟ್ಟಿಗೆ ಅನುಸರಿಸಿ, 1892ರ ಹೊತ್ತಿಗೆ ಈಗಿನದನ್ನು ಕಟ್ಟಲಾಯಿತು.

1980ರ ದಶಕದಲ್ಲಿ ಕೆನಡಾದ ವಾಸ್ತುಶಿಲ್ಪಿ ಫಿಲಿಸ್ ಲ್ಯಾಂಬರ್ಟ್ ಅವರ ಮುಂದಾಳತನದಲ್ಲಿ ಒಮ್ಮೆ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆಯಿತು. ಈಜಿಪ್ಟ್ ಸರಕಾರ ಕೈಗೊಂಡ ಇತ್ತೀಚಿನ ದುರಸ್ತಿ ಮುಗಿದು 2023ರಲ್ಲಿ ಮಂದಿರ ಮತ್ತೆ ತೆರೆಯಿತು. ಆದ್ದರಿಂದ ಒಳಗಿನ ಬಣ್ಣಗಳು ಹೊಸದಾಗಿ ಹೊಳೆಯುತ್ತಿರುವುದನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ.

ಇದು ಮೊದಲು ಚರ್ಚ್ ಆಗಿತ್ತಂತೆ, ಯೆಹೂದಿಗಳ ಪ್ರವಾದಿ ಮೋಸೆಸ್ ಶಿಶುವಾಗಿ ದೊರೆತದ್ದು ಇಲ್ಲಿಯೇ ಅಂತೆ. ಇವೆಲ್ಲ ನಿಜವೇ?

ಮಾರ್ಗದರ್ಶಿಗಳು ಈ ಎರಡು ಕಥೆಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಅವುಗಳ ತೂಕ ಬೇರೆ ಬೇರೆ.

ಚರ್ಚಿನ ಕಥೆಗೆ ಒಂದಿಷ್ಟು ಚಾರಿತ್ರಿಕ ಆಧಾರವಿದೆ. ಒಂಬತ್ತನೆಯ ಶತಮಾನದಲ್ಲಿ ಈಜಿಪ್ಟಿನ ಆಳರಸ ಅಹ್ಮದ್ ಇಬ್ನ್ ತುಲೂನನು ಕಾಪ್ಟಿಕ್ ಕ್ರೈಸ್ತರ, ಅಂದರೆ ಈಜಿಪ್ಟಿನ ಸ್ಥಳೀಯ ಕ್ರೈಸ್ತರ, ಮೇಲೆ ಭಾರಿ ಕಪ್ಪ ಹೇರಿದಾಗ, ಅದನ್ನು ತೆರಲು ಅವರ ಧರ್ಮಗುರು 882ರ ಸುಮಾರಿಗೆ ಒಂದು ಚರ್ಚನ್ನು ಯೆಹೂದಿಗಳಿಗೆ ಮಾರಿದನೆಂಬ ಉಲ್ಲೇಖವಿದೆ. ಆದರೆ ಅಂದು ಫುಸ್ಟಾಟಿನಲ್ಲಿ ಯೆಹೂದಿಗಳ ಎರಡು ಪಂಗಡಗಳೂ ಎರಡು ಮಂದಿರಗಳೂ ಇದ್ದುದರಿಂದ, ಮಾರಾಟವಾದ ಚರ್ಚ್ ಪಕ್ಕದ ಪಂಗಡದ ಪಾಲಿಗೆ ಹೋಗಿರುವ ಸಾಧ್ಯತೆಯೇ ಹೆಚ್ಚು ಎಂದು ಈ ಮಂದಿರದ ಮಾಳಿಗೆಯಲ್ಲಿ ದೊರೆತ ದಾಖಲೆಗಳನ್ನು ಜೀವಮಾನವಿಡೀ ಓದಿದ ಎಸ್. ಡಿ. ಗೊಯ್ಟೈನ್ ಅವರಂಥ ವಿದ್ವಾಂಸರು ವಾದಿಸಿದ್ದಾರೆ.

ಮೋಸೆಸ್‌ನ ಕಥೆ ಐತಿಹ್ಯ. ಫರೋಹನ ಮಗಳು ಬುಟ್ಟಿಯಲ್ಲಿ ತೇಲಿಬಂದ ಕೂಸನ್ನು ಎತ್ತಿಕೊಂಡದ್ದು ಇಲ್ಲಿಯೇ ಎಂದು ಕೆಲವರೂ, ಮೋಸೆಸ್ ಪ್ರಾರ್ಥನೆಗೆ ನಿಂತ ಸ್ಥಳ ಇದು ಎಂದು ಇನ್ನು ಕೆಲವರೂ ಹೇಳುತ್ತಾರೆ. ಪ್ರವಾದಿ ಯೆರೆಮೀಯನ ಹೆಸರೂ, ಧರ್ಮಶಾಸ್ತ್ರಜ್ಞ ಎಜ್ರಾನ ಹೆಸರೂ ಇಲ್ಲಿಗೆ ಅಂಟಿಕೊಂಡಿವೆ. ಪಾಂಡವರು ವನವಾಸದಲ್ಲಿ ತಂಗದ ಗುಡ್ಡವೇ ಇಲ್ಲದ ನಾಡಿನಿಂದ ಹೋಗುವ ನಮಗೆ ಇಂಥ ಸ್ಥಳಪುರಾಣ ಹೊಸದೇನಲ್ಲ. ಕೇಳಿ ಸಂತೋಷಪಡಬಹುದು, ಚರಿತ್ರೆಯೆಂದು ಬರೆದಿಟ್ಟುಕೊಳ್ಳಬೇಕಾಗಿಲ್ಲ.

ಒಂದೇ ಊರಿನಲ್ಲಿ ಎರಡು ಸಿನಗಾಗ್‌ಗಳು ಏಕಿದ್ದವು?

ಒಂದು ಪಂಗಡ ಪ್ಯಾಲೆಸ್ತೀನಿನ ಧರ್ಮಪೀಠದ ಸಂಪ್ರದಾಯವನ್ನೂ ಇನ್ನೊಂದು ಇರಾಕಿನ ಧರ್ಮಪೀಠಗಳ ಸಂಪ್ರದಾಯವನ್ನೂ ಅನುಸರಿಸುತ್ತಿದ್ದವು. ಬೆನ್ ಎಜ್ರಾ ಮೊದಲನೆಯವರದು. 1170ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಸ್ಪೇನಿನ ಯಾತ್ರಿಕ ಟುಡೆಲಾದ ಬೆಂಜಮಿನ್ ಇವೆರಡರ ನಡುವಿನ ವ್ಯತ್ಯಾಸವನ್ನು ದಾಖಲಿಸಿದ್ದಾನೆ: ಇರಾಕಿ ಪಂಗಡದವರು ಟೋರಾವನ್ನು, ಅಂದರೆ ಮೋಸೆಸ್‌ನ ಐದು ಗ್ರಂಥಗಳನ್ನು, ಒಂದು ವರ್ಷದಲ್ಲಿ ಓದಿ ಮುಗಿಸುತ್ತಿದ್ದರೆ, ಇವರು ಅದನ್ನೇ ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ ಮೂರು ವರ್ಷಗಳಲ್ಲಿ ಪಾರಾಯಣ ಮಾಡುತ್ತಿದ್ದರು. ಇರಾಕಿಗಳ ಮಂದಿರ ಈಗ ಉಳಿದಿಲ್ಲ.

ಒಳಗೆ ಏನೇನು ಗಮನಿಸಬೇಕು?

ಹೊರಗಿನಿಂದ ಕಟ್ಟಡ ಸರಳವಾಗಿದೆ. ಗೋಪುರವಾಗಲಿ ಗುಮ್ಮಟವಾಗಲಿ ಇಲ್ಲ. ಒಳಗೆ ಉದ್ದನೆಯ ಸಭಾಂಗಣವನ್ನು ಎರಡು ಸಾಲು ಕಂಬಗಳು ಮೂರು ಭಾಗಗಳಾಗಿ ವಿಂಗಡಿಸುತ್ತವೆ. ಸುತ್ತಮುತ್ತಲಿನ ಹಳೆಯ ಚರ್ಚುಗಳನ್ನು ನೋಡಿ ಬಂದವರಿಗೆ ಈ ವಿನ್ಯಾಸ ಪರಿಚಿತವೆನಿಸುತ್ತದೆ, ಏಕೆಂದರೆ ಇಬ್ಬರಿಗೂ ಕಟ್ಟಿಕೊಟ್ಟವರು ಇದೇ ನಾಡಿನ ಕೆಲಸಗಾರರು, ಕಟ್ಟುವ ಕ್ರಮವೂ ಒಂದೇ ಬಗೆಯದು. ಗೋಡೆ ಮತ್ತು ಛಾವಣಿಗಳ ಮೇಲಿನ ಹೂಬಳ್ಳಿ, ನಕ್ಷತ್ರ ಮತ್ತು ರೇಖಾಗಣಿತದ ಚಿತ್ತಾರಗಳಲ್ಲಿ ಇಸ್ಲಾಮಿ ಅಲಂಕಾರ ಶೈಲಿಯ ಪ್ರಭಾವ ಎದ್ದು ಕಾಣುತ್ತದೆ. ದೇವರ ಅಥವಾ ಮನುಷ್ಯರ ಮೂರ್ತಿ, ಚಿತ್ರಗಳನ್ನು ಹುಡುಕಬೇಡಿ, ಅವು ಇರುವುದಿಲ್ಲ.

ನಡುವೆ ಅಮೃತಶಿಲೆಯ ವೇದಿಕೆಯೊಂದಿದೆ. ಅದಕ್ಕೆ ಬೀಮಾ ಎಂದು ಹೆಸರು. ಟೋರಾದ ಪಠಣ ನಡೆಯುತ್ತಿದ್ದುದು ಅದರ ಮೇಲೆ ನಿಂತು. ಸಭಾಂಗಣದ ತುದಿಯಲ್ಲಿ, ಚರ್ಮದ ಸುರುಳಿಗಳ ಮೇಲೆ ಕೈಯಿಂದ ಬರೆದ ಟೋರಾವನ್ನು ಇರಿಸುವ ಪವಿತ್ರ ಕಪಾಟು ಇದೆ. ಮರದ ಈ ಕಪಾಟಿನ ಕುಸುರಿ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹಳೆಯ ಕಟ್ಟಡದ ಕಪಾಟಿನದೆಂದು ನಂಬಲಾದ, ಹನ್ನೊಂದನೆಯ ಶತಮಾನದ ಮರದ ಬಾಗಿಲೊಂದು ಈಗ ಅಮೆರಿಕದ ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯ ಮತ್ತು ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದ ಸಂಗ್ರಹಾಲಯಗಳ ಜಂಟಿ ಒಡೆತನದಲ್ಲಿದೆ.

ತಲೆ ಎತ್ತಿದರೆ ಮೇಲಂತಸ್ತಿನಲ್ಲಿ ಮಹಿಳೆಯರು ಕೂರುತ್ತಿದ್ದ ಮೊಗಸಾಲೆ ಕಾಣುತ್ತದೆ. ಅದರ ಒಂದು ತುದಿಯ ಗೋಡೆಯ ಹಿಂದಿದ್ದ ಕತ್ತಲೆ ಕೋಣೆಯೇ ಈ ಮಂದಿರಕ್ಕೆ ಜಗತ್ಪ್ರಸಿದ್ಧಿ ತಂದ ಗೆನಿಜಾ. ನೆಲದ ಮೇಲೆ ನಿಂತು ಅದು ಯಾವ ಕಡೆ ಇತ್ತೆಂದು ಕೇಳಿ ತಿಳಿದುಕೊಳ್ಳಿ. ಅಲಂಕಾರಗಳನ್ನು ನೋಡಿ ಆ ಮೂಲೆಯನ್ನು ಕೇಳದೆ ಮರಳುವವರೇ ಹೆಚ್ಚು ಎಂಬುದು ಖೇದದ ಸಂಗತಿ.

ಗೆನಿಜಾ ಎಂದರೇನು?

ದೇವರ ಹೆಸರಿರುವ ಬರಹವನ್ನು ಕಸಕ್ಕೆ ಎಸೆಯಬಾರದು ಎಂಬುದು ಯೆಹೂದಿಗಳ ನಿಯಮ. ಹರಿದುಹೋದ ಗ್ರಂಥಗಳನ್ನೂ ಸವೆದ ಹಾಳೆಗಳನ್ನೂ ಒಂದು ಕಡೆ ಕೂಡಿಟ್ಟು, ಕಾಲಕಾಲಕ್ಕೆ ಸ್ಮಶಾನಕ್ಕೆ ಒಯ್ದು ಹೂಳುವುದು ವಾಡಿಕೆ. ಕೂಡಿಡುವ ಆ ಜಾಗವೇ ಗೆನಿಜಾ. ನಮ್ಮ ಮಠ-ಮನೆಗಳಲ್ಲಿ ಜೀರ್ಣವಾದ ಓಲೆಗರಿಗಳನ್ನು ಬೆಂಕಿಗೂ ತಿಪ್ಪೆಗೂ ಹಾಕದೆ ಹರಿಯುವ ನೀರಿಗೆ ಬಿಡುತ್ತಿದ್ದ ಕ್ರಮದ ಹಿಂದೆಯೂ ಇದೇ ಬಗೆಯ ಶ್ರದ್ಧೆ ಇದ್ದಿತು.

ಫುಸ್ಟಾಟಿನವರು ಎರಡು ವಿಷಯಗಳಲ್ಲಿ ಉಳಿದವರಿಗಿಂತ ಭಿನ್ನರಾಗಿದ್ದರು. ಕೂಡಿಟ್ಟದ್ದರಲ್ಲಿ ಬಹುಪಾಲನ್ನು ಅವರು ಹೂಳದೆ ಮಾಳಿಗೆಯಲ್ಲೇ ಬಿಟ್ಟರು. ಜೊತೆಗೆ, ಧರ್ಮಗ್ರಂಥಗಳನ್ನಷ್ಟೇ ಅಲ್ಲದೆ ಹೀಬ್ರೂ ಲಿಪಿಯಲ್ಲಿ ಬರೆದ ಯಾವ ಕಾಗದವನ್ನಾದರೂ ಅಲ್ಲಿಗೆ ಹಾಕಿದರು. ಅವರು ದಿನನಿತ್ಯ ಆಡುತ್ತಿದ್ದುದು ಅರಬ್ಬಿ ಭಾಷೆ. ಅದನ್ನು ಬರೆಯುತ್ತಿದ್ದುದು ಹೆಚ್ಚಾಗಿ ಹೀಬ್ರೂ ಅಕ್ಷರಗಳಲ್ಲಿ. ಹೀಗಾಗಿ ವ್ಯಾಪಾರಿಗಳ ಪತ್ರ, ಮದುವೆಯ ಕರಾರು, ವಿಚ್ಛೇದನ ಪತ್ರ, ಸಾಲದ ಚೀಟಿ, ಸಾಮಾನಿನ ಪಟ್ಟಿ, ವೈದ್ಯರ ಔಷಧಿ ಚೀಟಿ, ಅಕ್ಷರ ಕಲಿಯುವ ಮಕ್ಕಳ ಹಾಳೆಗಳು ಎಲ್ಲವೂ ಗೋಡೆಯ ಕಂಡಿಯಿಂದ ಆ ಕೋಣೆಯೊಳಗೆ ಬಿದ್ದವು. ಈಜಿಪ್ಟಿನ ಒಣ ಹವೆ ಅವನ್ನು ಕಾಪಾಡಿತು. ನಮ್ಮ ಕರಾವಳಿಯ ಮಳೆಯಲ್ಲಿ ಅಂಥ ಕಾಗದ ನಾಲ್ಕು ತಲೆಮಾರು ಬಾಳುವುದೂ ಕಷ್ಟ.

ಆ ಕಾಗದಗಳನ್ನು ಅಲ್ಲಿ ನೋಡಬಹುದೇ?

ಇಲ್ಲ, ಕೋಣೆ ಬರಿದಾಗಿದೆ. ಅದು ಬರಿದಾದ ಬಗೆಯನ್ನು ತಿಳಿದಿರುವುದು ಒಳ್ಳೆಯದು.

1889ರ ನಂತರ ಹಳೆಯ ಕಟ್ಟಡವನ್ನು ಕೆಡವಿದಾಗ ಕಾಗದಗಳು ಹೊರಬಂದು, ಹಲವು ಹಾಳೆಗಳು ಪ್ರಾಚೀನ ವಸ್ತುಗಳ ವ್ಯಾಪಾರಿಗಳ ಕೈಸೇರಿದವು. ಉಳಿದವನ್ನು ಹೊಸ ಕಟ್ಟಡದ ಕೋಣೆಗೆ ಮರಳಿ ತುಂಬಲಾಯಿತು. 1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು, ಇಬ್ಬರೂ ಪ್ರಾಚೀನ ಭಾಷೆಗಳನ್ನು ಬಲ್ಲವರು, ಪೂರ್ವದೇಶಗಳ ಪ್ರವಾಸದಲ್ಲಿ ಕೊಂಡುಕೊಂಡ ಹಾಳೆಗಳನ್ನು ಕೇಂಬ್ರಿಜ್‌ನಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರಿಗೆ ತೋರಿಸಿದರು. ಅವುಗಳಲ್ಲಿ ಒಂದು, ಹಲವು ಶತಮಾನಗಳಿಂದ ಅನುವಾದಗಳಲ್ಲಿ ಮಾತ್ರ ತಿಳಿದಿದ್ದ ಬೆನ್ ಸೀರಾ ಎಂಬ ಗ್ರಂಥದ ಹೀಬ್ರೂ ಮೂಲದ ಹಾಳೆಯಾಗಿತ್ತು. ಶೆಕ್ಟರ್ ಅದೇ ವರ್ಷದ ಕೊನೆಗೆ ಕೈರೋಗೆ ಹೊರಟರು. ವೆಚ್ಚವನ್ನು ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರ್ ಭರಿಸಿದರು. ಕೈರೋದ ಮುಖ್ಯ ರಬ್ಬಿಯ, ಅಂದರೆ ಯೆಹೂದಿ ಧರ್ಮಗುರುವಿನ, ಒಪ್ಪಿಗೆ ಪಡೆದು, ಏಣಿ ಹತ್ತಿ, ದೂಳಿನಲ್ಲಿ ಉಸಿರು ಕಟ್ಟುತ್ತಿದ್ದ ಆ ಕೋಣೆಯಲ್ಲಿ ವಾರಗಟ್ಟಲೆ ಕುಳಿತು ಆರಿಸಿ ತುಂಬಿಸಿಕೊಂಡರು. ಇಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಟೇಲರ್-ಶೆಕ್ಟರ್ ಸಂಗ್ರಹವೆಂಬ ಹೆಸರಿನಲ್ಲಿ ಸುಮಾರು 1,93,000 ತುಣುಕುಗಳಿವೆ. ಉಳಿದವು ಆಕ್ಸ್‌ಫರ್ಡ್, ಮ್ಯಾಂಚೆಸ್ಟರ್, ಲಂಡನ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್ ಮುಂತಾದ ಕಡೆಗಳಿಗೆ ಹಂಚಿಹೋಗಿವೆ. ಒಂದೇ ಪತ್ರದ ಮೇಲರ್ಧ ಒಂದು ದೇಶದಲ್ಲಿಯೂ ಕೆಳಗಿನರ್ಧ ಇನ್ನೊಂದು ದೇಶದಲ್ಲಿಯೂ ಇರುವ ಉದಾಹರಣೆಗಳಿವೆ.

ಈ ಸಾಗಾಟ ಬ್ರಿಟಿಷರ ಹಿಡಿತದಲ್ಲಿದ್ದ ಈಜಿಪ್ಟಿನಲ್ಲಿ ನಡೆದದ್ದು. ಹಾಳೆಗಳು ಅಲ್ಲಿಯೇ ಇದ್ದಿದ್ದರೆ ಬಿಡಿಬಿಡಿಯಾಗಿ ಮಾರಾಟವಾಗಿ ಚದುರಿಹೋಗುತ್ತಿದ್ದವು ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೂ ಒಂದು ಊರಿನ ಸಾವಿರ ವರ್ಷಗಳ ಕಾಗದಗಳಲ್ಲಿ ನೋಡಲು ಆ ಊರಿನ ಮಂದಿರದಲ್ಲಿ ಏನೂ ಉಳಿದಿಲ್ಲ ಎಂಬುದನ್ನು ಆ ಸಮರ್ಥನೆ ಮರೆಸಲಾರದು.

ಮಂಗಳೂರಿಗೂ ಈ ಮಂದಿರಕ್ಕೂ ಏನು ಸಂಬಂಧ?

ನಿಜವಾದ ಸಂಬಂಧವಿದೆ, ಮತ್ತು ಕನ್ನಡ ಓದುಗರು ಈ ಮಂದಿರಕ್ಕೆ ಹೋಗಬೇಕೆನ್ನಲು ಇದೇ ಮುಖ್ಯ ಕಾರಣ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿದ್ದ. ಇವನ ಹುಟ್ಟೂರು ಇಂದಿನ ಟ್ಯುನೀಷಿಯಾದ ಮಹ್ದಿಯಾ. ಈಜಿಪ್ಟ್ ಮತ್ತು ಯೆಮೆನಿನ ಬಂದರಾದ ಏಡನ್ ಮಾರ್ಗವಾಗಿ ಭಾರತಕ್ಕೆ ಬಂದು, 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ದಾಖಲೆಗಳು ಈ ಊರನ್ನು ಮಂಜರೂರ್ ಎನ್ನುತ್ತವೆ. ಆಗ ಆ ಕರಾವಳಿ ಆಳುಪರ ಆಳ್ವಿಕೆಯಲ್ಲಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಬೆನ್ ಯಿಜು ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಮುಂದೆ ಅವನ ಮಕ್ಕಳಿಗೆ ತಾಯಿಯಾದವಳು ಅವಳೇ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ.

ಅವನ ವ್ಯವಹಾರ ಏಡನ್ನಿನ ದೊಡ್ಡ ವರ್ತಕ ಮದ್ಮೂನ್ ಇಬ್ನ್ ಹಸನ್, ಖಲಾಫ್ ಇಬ್ನ್ ಇಸ್ಹಾಕ್ ಮೊದಲಾದವರೊಡನೆ ನಡೆಯುತ್ತಿತ್ತು. ಇಲ್ಲಿಂದ ಕರಿಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹೋಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ ಮತ್ತು ಬರೆಯುವ ಕಾಗದ ಬರುತ್ತಿದ್ದವು. ಬೆನ್ ಯಿಜು ಕಂಚಿನ ಸಾಮಾನುಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನೂ ಲೋಹವನ್ನೂ ಹಡಗಿನಲ್ಲಿ ಕಳುಹಿಸಿ, ಇಂತಿಂಥ ಅಳತೆಯ ಹೊಸ ಪಾತ್ರೆಗಳನ್ನು ಮಾಡಿಸಿ ಕಳುಹಿಸೆಂದು ಬರೆಯುತ್ತಿದ್ದರು. ತೋಡಿದ ಬಾವಿಯಂತೆ ಕೆದಕಿದಷ್ಟೂ ವಿವರಗಳು ಸಿಗುವ ಪತ್ರಗಳಿವು: ಮಂಗಳೂರಿನ ಸ್ಥಳೀಯ ವಣಿಕರಿಗೆ ಪೇಟೆಯ ಸುದ್ದಿ ಮುಟ್ಟಿಸೆಂಬ ಕೋರಿಕೆ, ಮುಳುಗಿದ ಹಡಗಿನ ನಷ್ಟದ ಲೆಕ್ಕ, ಕೊಟ್ಟ ಮುಂಗಡಕ್ಕೆ ಸರಕು ಬಾರದ ತಕರಾರು.

ಈ ಪತ್ರಗಳಲ್ಲಿ ಇನ್ನೊಬ್ಬನ ಹೆಸರು ಮತ್ತೆ ಮತ್ತೆ ಬರುತ್ತದೆ. ಬೆನ್ ಯಿಜುವಿನ ದಾಸನೂ ವ್ಯಾಪಾರದ ಪ್ರತಿನಿಧಿಯೂ ಆಗಿದ್ದ ಇವನು ಒಡೆಯನ ಪರವಾಗಿ ಏಡನ್ನಿಗೂ ಹೋಗಿಬಂದವನು. ಸ್ವರಚಿಹ್ನೆಗಳಿಲ್ಲದ ಹೀಬ್ರೂ ಲಿಪಿಯಲ್ಲಿರುವ ಅವನ ಹೆಸರನ್ನು ಬೊಮ್ಮ ಎಂದು ಓದುವುದುಂಟು. ಏಡನ್ನಿನವರು ಬೆನ್ ಯಿಜುವಿಗೆ ಬರೆಯುವಾಗ ಇವನಿಗೂ ಕುಶಲ ಕೇಳಿ ವಂದನೆ ಹೇಳಿಕಳುಹಿಸುತ್ತಿದ್ದರು. ಆ ಕಾಲದ ನಮ್ಮ ಶಾಸನಗಳಲ್ಲಿ ಅರಸರೂ ದಂಡನಾಯಕರೂ ದಾನಿಗಳೂ ಸಿಗುತ್ತಾರೆ. ಮಂಗಳೂರಿನ ಒಬ್ಬ ವರ್ತಕನ ಆಳು ಸಿಗುವುದು ಕೈರೋದ ಈ ಮಾಳಿಗೆಯ ಕಾಗದಗಳಲ್ಲಿ.

ಬೆನ್ ಯಿಜು 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿ, ಮುಂದೆ ಫುಸ್ಟಾಟಿನಲ್ಲಿ ನೆಲೆಸಿದ. 1156ರಲ್ಲಿ ಅವನ ಮಗಳು ಸಿತ್ ಅಲ್-ದಾರ್‌ಳ ಮದುವೆ ಅಲ್ಲಿ ಅವನ ಸೋದರನ ಮಗನೊಡನೆ ನಡೆಯಿತು. ಮಂಗಳೂರಿನಿಂದ ಅವನು ಜೋಪಾನವಾಗಿ ಒಯ್ದ ಕಾಗದಗಳು ಕೊನೆಗೆ ಗೆನಿಜಾ ಸೇರಿದವು. ಕಾಗದ ಇಲ್ಲಿ ದುರ್ಲಭವಾಗಿದ್ದುದರಿಂದ, ಬಂದ ಪತ್ರಗಳ ಹಿಂಬದಿಯಲ್ಲಿಯೂ ಅಂಚುಗಳಲ್ಲಿಯೂ ಅವನು ತನ್ನ ಲೆಕ್ಕಗಳನ್ನು ಬರೆದಿಟ್ಟಿದ್ದ. ಆ ಜಿಪುಣತನಕ್ಕೆ ಚರಿತ್ರಕಾರರು ಋಣಿಗಳಾಗಿರಬೇಕು.

ಮೈಮೊನಿಡೀಸ್ ಇಲ್ಲಿಯೇ ಇದ್ದನೇ?

ಮಧ್ಯಯುಗದ ಶ್ರೇಷ್ಠ ಯೆಹೂದಿ ದಾರ್ಶನಿಕನೂ ವೈದ್ಯನೂ ಆದ ಮೈಮೊನಿಡೀಸ್ ಸ್ಪೇನಿನಲ್ಲಿ ಹುಟ್ಟಿ, ಬಾಳಿನ ಉತ್ತರಾರ್ಧವನ್ನು ಫುಸ್ಟಾಟಿನಲ್ಲಿ ಕಳೆದು, 1204ರಲ್ಲಿ ತೀರಿಕೊಂಡ. ಅವನ ಕೈಬರಹದ ಹಾಳೆಗಳೂ ಗೆನಿಜಾದಲ್ಲಿ ದೊರೆತಿವೆ. ಅವನ ತಮ್ಮ ಡೇವಿಡ್ ರತ್ನಗಳ ವ್ಯಾಪಾರಿ. ಭಾರತದ ಕಡೆಗೆ ಹೊರಟವನು ಕೆಂಪು ಸಮುದ್ರದ ಬಂದರಾದ ಐದಾಬ್‌ನಿಂದ ಅಣ್ಣನಿಗೆ ಬರೆದ ಪತ್ರ ಉಳಿದಿದೆ. ಹಿಂದೂ ಮಹಾಸಾಗರದಲ್ಲಿ ಅವನ ಹಡಗು ಮುಳುಗಿತು. ತಾನು ಆ ದುಃಖದಲ್ಲಿ ಬಹುಕಾಲ ಹಾಸಿಗೆ ಹಿಡಿದಿದ್ದನ್ನು ಮೈಮೊನಿಡೀಸ್ ಮುಂದೊಂದು ಪತ್ರದಲ್ಲಿ ನೆನೆದಿದ್ದಾನೆ.

ಅವನ ಹೆಸರಿನ ಬೇರೊಂದು ಸಿನಗಾಗ್ ಕೈರೋದ ಹಳೆಯ ಯೆಹೂದಿ ಕೇರಿಯಲ್ಲಿದೆ. 2010ರಲ್ಲಿ ಅದರ ಜೀರ್ಣೋದ್ಧಾರ ಮುಗಿಯಿತು. ಎರಡನ್ನೂ ಒಂದೆಂದು ತಿಳಿಯಬಾರದು.

ಇಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆಯೇ?

ನಿತ್ಯದ ಪ್ರಾರ್ಥನೆ ನಡೆಯುವುದಿಲ್ಲ; ಸ್ಮಾರಕವಾಗಿ ಮಂದಿರವನ್ನು ಕಾಪಾಡಲಾಗಿದೆ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಈಜಿಪ್ಟಿನಲ್ಲಿ 75,000ಕ್ಕೂ ಹೆಚ್ಚು ಯೆಹೂದಿಗಳಿದ್ದರು. 1948, 1956 ಮತ್ತು 1967ರ ಯುದ್ಧಗಳ ಸುತ್ತಮುತ್ತ, ಬಂಧನ, ಗಡೀಪಾರು, ಆಸ್ತಿಯ ಮುಟ್ಟುಗೋಲುಗಳ ನಡುವೆ, ಬಹುತೇಕ ಎಲ್ಲರೂ ಇಸ್ರೇಲ್, ಫ್ರಾನ್ಸ್, ಅಮೆರಿಕ ಮುಂತಾದ ದೇಶಗಳಿಗೆ ಹೊರಟುಹೋದರು. ಈಗ ದೇಶದಲ್ಲಿ ಉಳಿದವರು ಬೆರಳೆಣಿಕೆಯ ಮಂದಿ. ಪೂರ್ಣ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದ ಪ್ರಕಾರ ಹತ್ತು ಮಂದಿ ವಯಸ್ಕ ಪುರುಷರು ಬೇಕು. ಅಷ್ಟು ಜನ ಕೂಡುವುದೇ ಅಲ್ಲಿ ಕಷ್ಟ.

ಬೇರೆ ಧರ್ಮದವರಿಗೆ ಪ್ರವೇಶವಿದೆಯೇ? ಉಡುಪಿನ ನಿಯಮವೇನು?

ಎಲ್ಲರಿಗೂ ಪ್ರವೇಶವಿದೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಿದರೆ ಸಾಕು. ಸೀರೆ, ಚೂಡಿದಾರ್‌ಗಳಿಗೆ ಯಾವ ಅಡ್ಡಿಯೂ ಇಲ್ಲ. ಸಿನಗಾಗ್‌ನೊಳಗೆ ಪುರುಷರು ತಲೆ ಮುಚ್ಚಿಕೊಳ್ಳುವುದು ಯೆಹೂದಿ ಸಂಪ್ರದಾಯ. ಇಲ್ಲಿ ಕಡ್ಡಾಯ ಮಾಡದಿದ್ದರೂ ಒಂದು ಟೋಪಿ ಜೊತೆಗಿದ್ದರೆ ಗೌರವ ತೋರಿದಂತಾಗುತ್ತದೆ. ನಮ್ಮ ದೇವಸ್ಥಾನಗಳ ಅಭ್ಯಾಸದಂತೆ ಚಪ್ಪಲಿ ಬಿಡಬೇಕಾಗಿಲ್ಲ. ಆದರೆ ಅದೇ ಪ್ರದೇಶದಲ್ಲಿರುವ ಅಮ್ರ್ ಮಸೀದಿಗೆ ಹೋಗುವುದಿದ್ದರೆ ಅಲ್ಲಿ ಬಿಡಬೇಕು.

ತಲುಪುವುದು ಹೇಗೆ, ಹೋಗುವುದು ಯಾವಾಗ?

ಕೈರೋ ಮೆಟ್ರೋದ ಮೊದಲನೆಯ ಮಾರ್ಗದಲ್ಲಿ ಮಾರ್ ಗಿರ್ಗಿಸ್ ಎಂಬ ನಿಲ್ದಾಣವಿದೆ. ಹೊರಬಂದರೆ ಎದುರಿನಲ್ಲಿಯೇ ರೋಮನ್ ಕೋಟೆಯ ದುಂಡು ಬುರುಜು ಕಾಣುತ್ತದೆ. ಇಂದಿನ ರಸ್ತೆಗಿಂತ ತಗ್ಗಿನಲ್ಲಿರುವ ಹಳೆಯ ಕೇರಿಗೆ ಮೆಟ್ಟಿಲಿಳಿದು, ಪುಸ್ತಕ ಮತ್ತು ನೆನಪಿನ ಕಾಣಿಕೆಗಳ ಅಂಗಡಿಗಳಿರುವ ಇಕ್ಕಟ್ಟಾದ ಓಣಿಯಲ್ಲಿ ನಡೆದರೆ, ಅಬು ಸರ್ಗಾ ಚರ್ಚನ್ನು ದಾಟಿ ಸಿನಗಾಗ್ ಸಿಗುತ್ತದೆ. ಟ್ಯಾಕ್ಸಿಗಿಂತ ಮೆಟ್ರೋ ಅಗ್ಗವೂ ಹೌದು, ಕೈರೋದ ವಾಹನ ದಟ್ಟಣೆಯಿಂದ ಮುಕ್ತವೂ ಹೌದು. ಕೇರಿಯ ಪ್ರವೇಶದಲ್ಲಿ ಭದ್ರತಾ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಕೈಯಲ್ಲಿರಲಿ.

ನವೆಂಬರಿನಿಂದ ಫೆಬ್ರುವರಿಯವರೆಗಿನ ಹವೆ ನಡೆದಾಡಲು ಹಿತಕರ. ಬೆಳಗ್ಗೆ ಬೇಗ ಹೋಗುವುದು ಉತ್ತಮ, ಏಕೆಂದರೆ ಪ್ರವಾಸಿ ಬಸ್ಸುಗಳು ಬಂದ ಮೇಲೆ ಆ ಸಣ್ಣ ಸಭಾಂಗಣದಲ್ಲಿ ನಿಂತು ನೋಡುವುದಕ್ಕೆ ಅವಕಾಶವೇ ಸಿಗುವುದಿಲ್ಲ. ಸಮಯ ಮತ್ತು ಶುಲ್ಕಗಳು ಬದಲಾಗುತ್ತಿರುವುದರಿಂದ ಹಿಂದಿನ ದಿನ ತಂಗುಮನೆಯಲ್ಲಿ ವಿಚಾರಿಸಿಕೊಳ್ಳಿ.

ಛಾಯಾಚಿತ್ರ ತೆಗೆಯಬಹುದೇ?

ಬಾಗಿಲಿನಲ್ಲಿ ಕೇಳಿ, ಹೇಳಿದಂತೆ ನಡೆದುಕೊಳ್ಳಿ. ಕಾವಲಿನ ಸಿಬ್ಬಂದಿಯ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯಬೇಡಿ.

ಎಷ್ಟು ಸಮಯ ಬೇಕು? ಹತ್ತಿರದಲ್ಲಿ ಇನ್ನೇನಿದೆ?

ಸಿನಗಾಗ್ ಒಂದಕ್ಕೇ ಮುಕ್ಕಾಲು ಗಂಟೆ ಸಾಕು. ಆದರೆ ಹಳೆಯ ಕೈರೋಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಕೋಟೆಯ ಹೆಬ್ಬಾಗಿಲಿನ ಮೇಲೆ ಕಟ್ಟಿರುವ ತೂಗು ಚರ್ಚ್, ಯೇಸುವಿನ ಕುಟುಂಬ ಆಶ್ರಯ ಪಡೆದಿತ್ತೆಂದು ನಂಬಲಾದ ನೆಲಮಾಳಿಗೆಯಿರುವ ಅಬು ಸರ್ಗಾ ಚರ್ಚ್, 1908ರಲ್ಲಿ ಸ್ಥಾಪನೆಯಾದ ಕಾಪ್ಟಿಕ್ ಸಂಗ್ರಹಾಲಯ, ಏಳನೆಯ ಶತಮಾನದಲ್ಲಿ ಸ್ಥಾಪನೆಯಾಗಿ ಅನೇಕ ಬಾರಿ ಮರುನಿರ್ಮಾಣಗೊಂಡ ಅಮ್ರ್ ಇಬ್ನ್ ಅಲ್-ಆಸ್ ಮಸೀದಿ, ಇವೆಲ್ಲವೂ ನಡೆದು ಹೋಗುವಷ್ಟು ಹತ್ತಿರ. 2021ರಲ್ಲಿ ಫರೋಹರ ಮಮ್ಮಿಗಳನ್ನು ಮೆರವಣಿಗೆಯಲ್ಲಿ ತಂದಿರಿಸಿದ ಈಜಿಪ್ಟ್ ನಾಗರಿಕತೆಯ ರಾಷ್ಟ್ರೀಯ ಸಂಗ್ರಹಾಲಯವೂ ಫುಸ್ಟಾಟಿನಲ್ಲಿಯೇ ಇದೆ. ಅದಕ್ಕೆ ವಾಹನ ಹಿಡಿಯುವುದು ಲೇಸು.

ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯಬಹುದೇ?

ಓಣಿಗೆ ಇಳಿಯುವ ಮೆಟ್ಟಿಲುಗಳು ಮಂಡಿನೋವಿನವರಿಗೆ ಸ್ವಲ್ಪ ತೊಡಕಾಗಬಹುದು. ನಿಧಾನವಾಗಿ ಇಳಿದರೆ ಉಳಿದ ದಾರಿ ಸಮತಟ್ಟು. ಮಕ್ಕಳಿಗೆ ಬರಿಯ ಕಂಬ, ಛಾವಣಿಗಳನ್ನು ತೋರಿಸಿದರೆ ಬೇಸರ ಬರುತ್ತದೆ. ಗೆನಿಜಾದಲ್ಲಿ ದೊರೆತ, ಸಾವಿರ ವರ್ಷಗಳ ಹಿಂದಿನ ಮಕ್ಕಳು ಅಕ್ಷರ ತಿದ್ದಿ ನಡುವೆ ಗೀಚಿಟ್ಟ ಹಾಳೆಗಳ ಚಿತ್ರಗಳನ್ನು ಮೊದಲೇ ತೋರಿಸಿ ಕರೆದುಕೊಂಡು ಹೋಗಿ.

ಕೈರೋಗೆ ಹೋಗಲಾಗದವರು ಏನು ಮಾಡಬಹುದು?

ಕೇಂಬ್ರಿಜ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಗೆನಿಜಾದ ಸಾವಿರಾರು ಹಾಳೆಗಳ ಸ್ಪಷ್ಟ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಯೋಜನೆಯ ಜಾಲತಾಣದಲ್ಲಿ ಪತ್ರಗಳ ಪಠ್ಯಗಳನ್ನೂ, ಹಲವಕ್ಕೆ ಇಂಗ್ಲಿಷ್ ಅನುವಾದಗಳನ್ನೂ ಹುಡುಕಿ ಓದಬಹುದು. ಬೆನ್ ಯಿಜುವಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಹುಡುಕಿದರೆ ಭಾರತದ ವ್ಯಾಪಾರಕ್ಕೆ ಸೇರಿದ ದಾಖಲೆಗಳು ಸಿಗುತ್ತವೆ. ಸಿನಗಾಗ್‌ನ ಒಳಾಂಗಣ ಹೇಗಿರುತ್ತದೆ ಎಂಬುದನ್ನು ಮಾತ್ರ ನೋಡಬೇಕೆನ್ನುವವರು ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್‌ಗೆ ಹೋಗಬಹುದು. ಅದು ಬೆನ್ ಎಜ್ರಾದಷ್ಟು ಹಳೆಯದಲ್ಲದಿದ್ದರೂ ನಡುವಿನ ವೇದಿಕೆ, ಟೋರಾದ ಕಪಾಟು, ಮಹಿಳೆಯರ ಮಾಳಿಗೆ ಮೂರೂ ಅಲ್ಲಿವೆ. ಶನಿವಾರ ಯೆಹೂದಿಗಳ ವಿಶ್ರಾಂತಿಯ ದಿನವಾದುದರಿಂದ ಅದು ಸಂದರ್ಶಕರಿಗೆ ಮುಚ್ಚಿರುತ್ತದೆ. ವಾರಾಂತ್ಯದ ಪ್ರವಾಸ ಹಾಕಿಕೊಳ್ಳುವವರು ಭಾನುವಾರವನ್ನು ಆರಿಸಿಕೊಳ್ಳಬೇಕು.